ಎಸ್ಸೆಸ್ಸೆಲ್ಸಿ ಗಣಿತ, ವಿಜ್ಞಾನ ಹೋಂವರ್ಕಿಗೆ ಯಾವುದು ನಿಜವಾಗ್ಲೂ ಕೆಲಸಕ್ಕೆ ಬರುತ್ತೆ? ಫೋಟೋ ಆಪ್, ಖಾನ್ ಅಕಾಡೆಮಿ ಕನ್ನಡ, ದೀಕ್ಷಾ, ಟ್ಯೂಷನ್ – ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ನಾನು ಮೇಷ್ಟ್ರಲ್ಲ. ತಿಪಟೂರಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಕೊಂಡಿರೋನು. ಮಗಳು ಕನ್ನಡ ಮೀಡಿಯಂ, ಹತ್ತನೇ ಕ್ಲಾಸು, ಸ್ಕೂಲ್ ಬಿಟ್ಟ ಮೇಲೆ ಸೀದಾ ಅಂಗಡಿಗೇ ಬಂದು ಕೌಂಟರ್ ಹಿಂದೆ ಕೂತು ಹೋಂವರ್ಕ್ ಮಾಡ್ತಾಳೆ, ಹಾಗಾಗಿ ಅವಳು ಫೋನಲ್ಲಿ ಏನು ನೋಡ್ತಾಳೆ, ಎಲ್ಲಿ ಸಿಕ್ಕಾಕ್ಕೊಳ್ತಾಳೆ, ಯಾವುದನ್ನ ಸುಮ್ನೆ ಕಾಪಿ ಹೊಡೀತಾಳೆ ಎಲ್ಲಾ ನನ್ನ ಕಣ್ಣೆದುರೇ ನಡಿಯುತ್ತೆ. ಬರೋ ಗಿರಾಕಿಗಳೂ ಕೇಳ್ತಾರೆ, "ಅಣ್ಣ ನಮ್ಮ ಹುಡುಗಂಗೂ ಲೆಕ್ಕ ಬರ್ತಿಲ್ಲ, ನೀವು ಯಾವ ಆಪ್ ಹಾಕಿದೀರ?" ಅಂತ. ಪ್ರತಿ ಸಲ ವೈರ್ ಅಳೀತಾ ಅಳೀತಾ ಅದನ್ನೇ ಹೇಳೋದಕ್ಕಿಂತ ಒಂದ್ಸಲ ಬರೆದು ಹಾಕೋಣ ಅಂತ ಕೂತೆ.

ನನ್ನ ಪರೀಕ್ಷೆ ಒಂದೇ. ಸಹಾಯ ತಗೊಂಡ ಮೇಲೆ ಫೋನ್ ಇಸ್ಕೊಂಡು ಡ್ರಾಯರ್ ಒಳಗೆ ಹಾಕ್ತೀನಿ, ಅದೇ ಅಭ್ಯಾಸದ ಮುಂದಿನ ಲೆಕ್ಕ ಅವಳೇ ಮಾಡಿದ್ರೆ ಆ ಸಹಾಯ ಪಾಸು, ಪೆನ್ನು ಬಾಯಲ್ಲಿಟ್ಕೊಂಡು ಗೋಡೆ ನೋಡಿದ್ರೆ ಫೇಲು. ಮಿಕ್ಕಿದ್ದು ಗ್ರಾಫಿಕ್ಸು, ಮ್ಯೂಸಿಕ್ಕು, ಬ್ಯಾಡ್ಜು, ಯಾವುದನ್ನೂ ನಾನು ಲೆಕ್ಕಕ್ಕೆ ತಗೊಂಡಿಲ್ಲ.

ಫೋಟೋ ಹೊಡೆದ್ರೆ ಉತ್ತರ ಕೊಡೋ ಆಪ್‌ಗಳಿಂದ ಶುರು ಮಾಡ್ತೀನಿ ಯಾಕಂದ್ರೆ ಎಲ್ಲಾ ಮಕ್ಕಳೂ ಮೊದಲು ಹೋಗೋದು ಅಲ್ಲಿಗೇ. ಈ ಥರದ್ದು ಈಗ ಬೇಕಾದಷ್ಟಿವೆ, ಫೋಟೋಮ್ಯಾತ್ ಅನ್ನೋದು 2014ರಲ್ಲೇ ಬಂದಿದ್ದು, ಕ್ರೊಯೇಷಿಯಾದವರು ಮಾಡಿದ್ದು, ಆಮೇಲೆ ಗೂಗಲ್‌ನೋರು ತಗೊಂಡ್ರು, ಗೂಗಲ್ ಲೆನ್ಸಲ್ಲೂ ಹೋಂವರ್ಕ್ ಲೆಕ್ಕದ ಫೋಟೋ ಹೊಡೆದು ಕೇಳಬಹುದು. ನಮ್ಮ ಹುಡುಗಿ ಹಾಕ್ಕೊಂಡಿದ್ದು ಯಾವುದು ಅಂತ ಹೆಸರು ಹೇಳಲ್ಲ, ಬೇಕಾಗೂ ಇಲ್ಲ, ತೊಂದರೆ ಈ ಜಾತಿಯದ್ದೇ. ಬರೀ ಸಮೀಕರಣ ಇದ್ರೆ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮಾಡಿಬಿಡುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಎಕ್ಸ್ ಪ್ಲಸ್ ವೈ 14, ಎಕ್ಸ್ ಮೈನಸ್ ವೈ 4, ಫೋಟೋ ಹೊಡೆದ್ಲು, ಎಕ್ಸ್ 9 ವೈ 5 ಅಂತ ಬಂತು, ಸರಿಯಾಗೇ ಇದೆ. ಆದ್ರೆ ಪುಸ್ತಕದಲ್ಲಿ ಮೇಲೆ ಒಂದು ಸಾಲಿದೆಯಲ್ಲ, ಆದೇಶ ವಿಧಾನದಿಂದ (ಒಂದರ ಬೆಲೆ ಇನ್ನೊಂದರಲ್ಲಿ ಹಾಕೋದು) ಬಿಡಿಸಿ ಅಂತ, ಆ ಸಾಲು ಫೋಟೋದಲ್ಲಿ ಬಂದಿಲ್ಲ, ಆಪು ತನಗೆ ಸುಲಭ ಅನ್ನಿಸಿದ ವರ್ಜಿಸುವ ವಿಧಾನದಲ್ಲಿ ಎರಡನ್ನೂ ಕೂಡಿ 2 ಎಕ್ಸ್ 18 ಅಂತ ಮುಗಿಸಿದೆ, ಇವಳು ಅದನ್ನೇ ನೀಟಾಗಿ ಸ್ಕೇಲ್ ಇಟ್ಟು ಗೆರೆ ಎಳೆದು ಕಾಪಿ ಮಾಡ್ಕೊಂಡು ಹೋಗಿದಾಳೆ. ಮೇಡಂ ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಕಳ್ಸಿದ್ರು. ಅವರು ಮಾಡಿದ್ದು ಸರಿ. ಬೋರ್ಡ್ ಪರೀಕ್ಷೇಲೂ ಹಂತಕ್ಕೆ ಅಂತಾನೇ ಮಾರ್ಕ್ಸ್ ಇರೋದು, ಇಂಥ ವಿಧಾನದಲ್ಲೇ ಮಾಡಿ ಅಂತ ಕೇಳಿದಾಗ ಬೇರೆ ದಾರೀಲಿ ಹೋಗಿ ಬರೀ 9, 5 ಬರೆದ್ರೆ ಏನು ಸಿಗುತ್ತೆ?

ಇನ್ನು ಮಾತಿನ ಲೆಕ್ಕಗಳು. "ಗೋಪುರದ ಪಾದದಿಂದ 30 ಮೀಟರ್ ದೂರದಲ್ಲಿ ನಿಂತಾಗ ತುದಿಯ ಉನ್ನತ ಕೋನ 30 ಡಿಗ್ರಿ, ಎತ್ತರ ಎಷ್ಟು" ಅನ್ನೋ ಥರದ್ದು, ಕನ್ನಡ ಪುಸ್ತಕದ ಪುಟ ಫೋಟೋ ಹೊಡೆದ್ರೆ ಒತ್ತಕ್ಷರ ಎಲ್ಲಾ ಕಲಸಿಹೋಗಿ ಒಂದು 30 ಮಾತ್ರ ಹಿಡ್ಕೊಂಡು ಏನೇನೋ ಹೇಳ್ತು. ಆಮೇಲೆ ಇಂಗ್ಲಿಷಲ್ಲಿ ಟೈಪ್ ಮಾಡಿ ಕೇಳಿದ್ಲು, 10 ರೂಟ್ 3 ಮೀಟರ್ ಅಂತ ಸರಿಯಾಗೇ ಬಂತು. ಆದ್ರೆ ಈ ಲೆಕ್ಕದಲ್ಲಿ ಕಲಿಯೋದು ಇರೋದೆಲ್ಲಾ ಚಿತ್ರ ಬರೆಯೋದ್ರಲ್ಲೇ, ಯಾವುದು ಅಭಿಮುಖ ಬಾಹು, ಯಾವುದು ಪಾರ್ಶ್ವ ಬಾಹು ಅಂತ ಗುರುತು ಹಾಕಿದ್ರೆ ಟ್ಯಾನ್ 30 ತಾನಾಗೇ ಬರುತ್ತೆ. ಆ ಭಾಗ ಫೋನೇ ಮಾಡಿಬಿಡ್ತು. ಫ್ಯೂಸ್ ಹೋದಾಗ ದಪ್ಪ ಕಂಬಿ ಸುತ್ತಿ ಲೈಟ್ ಹತ್ತಿಸ್ತಾರಲ್ಲ ಹಾಗಾಯ್ತು, ಬೆಳಕೇನೋ ಬಂತು, ಯಾಕೆ ಹೋಗಿತ್ತು ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ನನ್ನ ಡ್ರಾಯರ್ ಪರೀಕ್ಷೇಲಿ ಈ ಆಪ್ ಪೂರ್ತಿ ಫೇಲು. ಹಾಗಂತ ತೆಗೆದು ಬಿಸಾಕಿಸಿಲ್ಲ, ಲೆಕ್ಕ ಮುಗಿಸಿದ ಮೇಲೆ ಉತ್ತರ ತಾಳೆ ನೋಡೋಕೆ ಇಟ್ಕೊಂಡಿದಾಳೆ, ಅಷ್ಟಕ್ಕೆ ಚೆನ್ನಾಗಿದೆ. (ಉತ್ತರ ಪುಸ್ತಕದ ಹಿಂದೇನೇ ಇದೆ ಅನ್ನೋದು ಬೇರೆ ವಿಷಯ.)

ಖಾನ್ ಅಕಾಡೆಮಿ ಕನ್ನಡ. ನಮ್ಮ ಅಂಗಡೀಲಿ ನಿಂತಿದ್ದು ಇದು. ಅಮೆರಿಕದಲ್ಲಿ ಸಲ್ಮಾನ್ ಖಾನ್ ಅನ್ನೋರು ಶುರು ಮಾಡಿದ್ದು, ಅವರ ಹೆಸರು ಹೇಳಿದ್ರೆ ನಮ್ಮ ಕಡೆ ಎಲ್ಲರೂ ಒಂದ್ಸಲ ನಗ್ತಾರೆ, ನಟ ಅಲ್ಲ, ತನ್ನ ಕಸಿನ್‌ಗೆ ದೂರದಿಂದ ಲೆಕ್ಕ ಹೇಳ್ಕೊಡೋಕೆ ಹೋಗಿ ಇದು ಇಷ್ಟು ದೊಡ್ಡದಾಗಿದ್ದು. ಲಾಭಕ್ಕೆ ನಡಿಸ್ತಿಲ್ಲ, ದುಡ್ಡಿಲ್ಲ, ಜಾಹೀರಾತಿಲ್ಲ, ಮಧ್ಯದಲ್ಲಿ "ಪ್ರೀಮಿಯಂ ತಗೊಳಿ" ಅಂತ ಯಾರೂ ಫೋನ್ ಮಾಡಲ್ಲ. ಇದೊಂದಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಡ್ತೀನಿ, ಯಾಕಂದ್ರೆ ಬೇರೆ ಒಂದು ಕಂಪ್ನಿ ಆಪಲ್ಲಿ ಡೆಮೊ ಅಂತ ನನ್ನ ನಂಬರ್ ಕೊಟ್ಟು ಆಮೇಲೆ ಅವರ ಕಾಲ್ ತಪ್ಪಿಸ್ಕೊಳೋದೇ ಒಂದು ಕೆಲಸ ಆಗಿತ್ತು, "ಸರ್ ಮಗಳ ಭವಿಷ್ಯದ ಬಗ್ಗೆ ನಿಮಗೆ ಕಾಳಜಿ ಇಲ್ವಾ" ಅಂತಾರೆ, ಗಿರಾಕಿ ಮುಂದೆ ನಿಂತಿರ್ತಾರೆ, ಏನಂತ ಉತ್ತರ ಕೊಡೋದು!

ಖಾನಲ್ಲಿ ವಿಡಿಯೋಗಿಂತ ಅಭ್ಯಾಸದ ಭಾಗ ಮುಖ್ಯ, ಇದನ್ನ ಸುಮಾರು ಜನ ನೋಡೋದೇ ಇಲ್ಲ, ಯೂಟ್ಯೂಬಲ್ಲಿ ವಿಡಿಯೋ ನೋಡಿ ಹಾ ಅರ್ಥ ಆಯ್ತು ಅಂತ ಎದ್ದು ಹೋಗ್ತಾರೆ. ಆಪಲ್ಲಿ ಲೆಕ್ಕ ಕೊಡುತ್ತೆ, ತಪ್ಪಾದ್ರೆ ಇನ್ನೊಂದ್ಸಲ ನೋಡು ಅನ್ನುತ್ತೆ, ಪೂರ್ತಿ ನಿಂತುಹೋದ್ರೆ ಸುಳಿವು ಕೇಳಬಹುದು, ಸುಳಿವು ಒಂದೊಂದೇ ಹೆಜ್ಜೆ ಬರುತ್ತೆ, ಒಟ್ಟಿಗೆ ಸುರಿಯಲ್ಲ. ಸುಳಿವು ತಗೊಂಡ್ರೆ ಆ ಲೆಕ್ಕ ಸರಿ ಮಾಡಿದ ಲೆಕ್ಕಕ್ಕೆ ಸೇರಲ್ಲ, ಹಾಗಾಗಿ ಮಕ್ಕಳು ಸುಮ್ಸುಮ್ನೆ ಒತ್ತಲ್ಲ, ಸ್ವಲ್ಪ ಹೊತ್ತು ಒದ್ದಾಡ್ತಾರೆ, ಆ ಒದ್ದಾಟದಲ್ಲೇ ತಲೆಗೆ ಹತ್ತೋದು. ಸಮಾಂತರ ಶ್ರೇಢೀಲಿ ಇವಳದ್ದೊಂದು ಕಾಯಂ ತಪ್ಪಿತ್ತು. 2, 7, 12 ಹೀಗೆ ಹೋದ್ರೆ ಹತ್ತನೇ ಪದ ಎಷ್ಟು ಅಂದ್ರೆ ಹತ್ತೈದ್ಲೆ ಐವತ್ತು, ಎರಡು ಸೇರ್ಸಿ 52 ಅಂತಿದ್ಲು. ಸೂತ್ರ ಬಾಯಿಪಾಠ ಬರುತ್ತೆ, ಎನ್ ಮೈನಸ್ 1 ಅಂತ ಹಾಡಿದ ಹಾಗೆ ಹೇಳ್ತಾಳೆ, ಲೆಕ್ಕದಲ್ಲಿ ಮಾತ್ರ ಆ ಮೈನಸ್ 1 ಬಿಟ್ಟೇ ಬಿಡ್ತಾಳೆ. ಸುಳಿವಲ್ಲಿ ಮೊದಲು ಎರಡನೇ ಪದಕ್ಕೆ 5 ಎಷ್ಟು ಸಲ ಸೇರಿಸಿದೆ ನೋಡು, ಮೂರನೇದಕ್ಕೆ ಎಷ್ಟು ಸಲ ನೋಡು ಅಂತ ಕೈಹಿಡಿದು ಕರ್ಕೊಂಡು ಹೋದ್ರೆ ಹತ್ತನೇದಕ್ಕೆ ಒಂಬತ್ತೇ ಸಲ ಅನ್ನೋದು ಅವಳಿಗೇ ಹೊಳೀತು, 47 ಬರೆದ್ಲು. ಫೋನ್ ಡ್ರಾಯರಿಗೆ ಹೋದ ಮೇಲೂ ಸರಿ ಮಾಡಿದ್ಲು.

ಕೊರತೆ ಇಲ್ಲ ಅಂತಲ್ಲ. ಅದು ಕೊನೆ ಉತ್ತರ ಮಾತ್ರ ನೋಡುತ್ತೆ, ಬಾಕ್ಸಲ್ಲಿ 47 ಅಂತ ಹಾಕಿದ್ರೆ ಟಿಕ್, ಹಂತ ಬರೆದಿದೀಯಾ ಇಲ್ವಾ ಅದಕ್ಕೆ ಬೇಕಿಲ್ಲ. ಪ್ರಮೇಯ ಸಾಧಿಸೋದು, ದತ್ತ, ಸಾಧನೀಯ, ಚಿತ್ರ, ಸಾಧನೆ ಅಂತ ಕ್ರಮವಾಗಿ ಬರೆಯೋದು, ಇದೆಲ್ಲ ಅಲ್ಲಿ ರೂಢಿ ಆಗಲ್ಲ, ಥೇಲ್ಸ್ ಪ್ರಮೇಯ ಬರೀಬೇಕು ಅಂದ್ರೆ ನೋಟ್ಸೇ ಗತಿ. ಅದಕ್ಕೆ ನಾನೊಂದು ರೂಲ್ ಮಾಡಿದೀನಿ, ಪಕ್ಕದಲ್ಲಿ ರಫ್ ಬುಕ್ ಇಲ್ದೆ ಆಪ್ ಓಪನ್ ಮಾಡೋ ಹಾಗಿಲ್ಲ.

ದೀಕ್ಷಾ ಬಗ್ಗೆ ಜಾಸ್ತಿ ಹೇಳೋದಿಲ್ಲ, 2017ರಿಂದ ಇದೆ, ಸರ್ಕಾರದ ಪಾಠದ ಆಪ್, ಫ್ರೀ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಅದೇ ಪಾಠಕ್ಕೆ ಸಂಬಂಧಪಟ್ಟಿದ್ದು ಓಪನ್ ಆಗುತ್ತೆ, ಡೌನ್‌ಲೋಡ್ ಮಾಡಿ ಇಟ್ಕೊಂಡ್ರೆ ನೆಟ್ ಇಲ್ಲದಿದ್ರೂ ನಡಿಯುತ್ತೆ, ತೋಟದ ಮನೇಲಿರೋರಿಗೆ ಇದು ದೊಡ್ಡ ಅನುಕೂಲ. ಪಾಠ ಮಿಸ್ ಆದ ದಿನಕ್ಕೆ ಒಳ್ಳೇದು. ಕೊರೊನಾ ಟೈಮಲ್ಲಿ ಡಿಡಿ ಚಂದನದಲ್ಲಿ ಬರ್ತಿದ್ದ ಸಂವೇದ ಪಾಠಗಳು ನೆನಪಿದ್ಯಾ, ಅವನ್ನ ನಮ್ಮ ಮೇಷ್ಟ್ರುಗಳೇ ಮಾಡಿದ್ದು, ಮಾತು ನಮ್ಮದೇ, ಯೂಟ್ಯೂಬಲ್ಲಿ ಹುಡುಕಿದ್ರೆ ಈಗಲೂ ಸಿಗುತ್ತೆ. ಆದ್ರೆ ನಾಳೆ ಬೆಳಿಗ್ಗೆ ಕೊಡಬೇಕಾದ ಐದು ಲೆಕ್ಕಕ್ಕೆ ಅರ್ಧ ಗಂಟೆ ಪಾಠ ನೋಡೋ ತಾಳ್ಮೆ ಯಾವ ಮಗುಗೆ ಇರುತ್ತೆ ಹೇಳಿ.

ಈಗ ವಿಜ್ಞಾನ. ವಿದ್ಯುಚ್ಛಕ್ತಿ ಪಾಠ ಬಂದಾಗ ಮಾತ್ರ ನಾನೂ ಕುರ್ಚಿ ಎಳ್ಕೊಂಡು ಕೂತೆ, ನಮ್ಮದೇ ಫೀಲ್ಡು. ಅದರಲ್ಲೊಂದು ಲೆಕ್ಕ ಇದೆ, ತಲಾ 2 ವೋಲ್ಟಿನ ಮೂರು ಕೋಶದ ಬ್ಯಾಟರಿ, 5, 8, 12 ಓಮ್ ರೋಧಕಗಳು ಸರಣೀಲಿ, ವಿದ್ಯುತ್ ಪ್ರವಾಹ ಎಷ್ಟು, 12 ಓಮ್ ತುದಿಗಳಲ್ಲಿ ವಿಭವಾಂತರ (ವೋಲ್ಟೇಜ್) ಎಷ್ಟು ಅಂತ. ಇದಕ್ಕೆ ಫೆಟ್ ಅಂತ ಒಂದು ಇದೆ ನೋಡಿ, ಕೊಲರಾಡೊ ವಿಶ್ವವಿದ್ಯಾಲಯದೋರು ಮಾಡಿರೋ ಸಿಮ್ಯುಲೇಶನ್, ಬ್ರೌಸರಲ್ಲೇ ಓಪನ್ ಆಗುತ್ತೆ, ಫ್ರೀ. ಅದರಲ್ಲಿ ಸರ್ಕ್ಯೂಟ್ ಕಟ್ಟೋದು ತೆಗೆದ್ರೆ ಬ್ಯಾಟರಿ, ವೈರು, ರೋಧಕ ಎಳೆದು ಎಳೆದು ಜೋಡಿಸ್ಬಹುದು, ಬೆಲೆ ಬದಲಾಯಿಸ್ಬಹುದು, ಅಮ್ಮೀಟರ್ ಹಾಕಿದ್ರೆ 0.24 ಆಂಪಿಯರ್ ಅಂತ ತೋರ್ಸುತ್ತೆ, ವೋಲ್ಟ್‌ಮೀಟರ್ ಕಡ್ಡಿಗಳನ್ನ 12 ಓಮ್ ಆಚೆ ಈಚೆ ಇಟ್ರೆ 2.88. ಪುಸ್ತಕದಲ್ಲಿ ಬರೆದಿದ್ದೇ ಕಣ್ಣ ಮುಂದೆ ಬಂತಲ್ಲ, ಆಮೇಲೆ ಹೇಳ್ಕೊಡೋದೇ ಬೇಕಾಗಿಲ್ಲ, ಅವಳೇ ಮೂರೂ ಸಮಾಂತರವಾಗಿ ಹಾಕಿ ಅಪ್ಪಾ ಕರೆಂಟ್ ಇಷ್ಟು ಜಾಸ್ತಿ ಆಯ್ತು ಅಂತ ಕೂಗಿದ್ಲು. ಇದಕ್ಕೆ ಫುಲ್ ಮಾರ್ಕ್ಸ್.

ಬಲ್ಬಿಟ್ಟು ನಿಜವಾಗ್ಲೂ ಮಾಡಿ ನೋಡೋರಿಗೆ ಒಂದು ಮಾತು, ಮನೆ ಪ್ಲಗ್ಗಿಗೆ ಹೋಗಬೇಡಿ, ಟಾರ್ಚ್ ಬಲ್ಬು ಸೆಲ್ಲು ಸಾಕು. ಎಲ್‌ಇಡಿ ಬಲ್ಬಲ್ಲಿ ಸರಣಿ ಸಮಾಂತರ ತೋರಿಸೋಕೆ ಹೋದ್ರೆ ಪುಸ್ತಕದಲ್ಲಿ ಹೇಳಿದ ಹಾಗೆ ಮಂದ ಆಗೋದಿಲ್ಲ, ಒಳಗೆ ಕರೆಂಟನ್ನ ಹಿಡಿತದಲ್ಲಿಡೋ ಡ್ರೈವರ್ ಅನ್ನೋ ಸರ್ಕ್ಯೂಟ್ ಇರುತ್ತೆ, ಮಿಣಮಿಣ ಅನ್ನುತ್ತೆ ಇಲ್ಲಾ ಹತ್ತೋದೇ ಇಲ್ಲ, ಮಕ್ಕಳಿಗೆ ಇನ್ನೂ ಗೊಂದಲ. ತಂತಿ ಇರೋ ಹಳೇ ಬಲ್ಬೇ ಬೇಕು. ಅದೇ ಪಾಠದಲ್ಲಿ ಫ್ರಿಜ್ ಲೆಕ್ಕಾನೂ ಇದೆ, 400 ವ್ಯಾಟ್, ದಿನಕ್ಕೆ 8 ಗಂಟೆ, 30 ದಿನಕ್ಕೆ 96 ಯೂನಿಟ್, ಯೂನಿಟ್ಟಿಗೆ 3 ರೂಪಾಯಿ ಆದ್ರೆ 288. ಮೂರು ರೂಪಾಯಿಗೆ ಯೂನಿಟ್ಟು ಎಲ್ಲಿ ಸಿಗುತ್ತೆ ಅಂತ ನಾನು ಕೇಳಿದ್ರೆ ಮಗಳು "ಗೃಹಜ್ಯೋತೀಲಿ ಸೊನ್ನೆ ಅಲ್ವಾ ಅಪ್ಪ" ಅಂತಾಳೆ. ನಮ್ಮ ಬೆಸ್ಕಾಂ ಬಿಲ್ಲನ್ನೇ ಮುಂದಿಟ್ಟು ಯೂನಿಟ್ ಲೆಕ್ಕ ಹಾಕ್ಸಿ, ಇದಕ್ಕಿಂತ ಒಳ್ಳೆ ಹೋಂವರ್ಕ್ ಬೇರೆ ಇಲ್ಲ.

ಎಐ ಚಾಟ್ ಬಗ್ಗೆನೂ ಕೇಳ್ತಾರೆ. ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸೋ ಸಮೀಕರಣ ಸರಿದೂಗಿಸು ಅಂತ ಒಂದರಲ್ಲಿ ಕೇಳಿದ್ವಿ, ಕಬ್ಬಿಣಕ್ಕೆ 3, ನೀರಿಗೆ 4, ಆ ಕಡೆ ಹೈಡ್ರೋಜನ್‌ಗೆ 4 ಅಂತ ಸರಿಯಾಗೇ ಕೊಡ್ತು, ವಿವರಣೆಯ ಕನ್ನಡ ಮಾತ್ರ ಯಾವ ಊರಿನದೋ ಗೊತ್ತಾಗ್ಲಿಲ್ಲ, ಎರಡು ಸಲ ಓದಿದ್ರೂ ತಲೆಗೆ ಹೋಗ್ಲಿಲ್ಲ. ಉತ್ತರ ಹೇಳಬೇಡ, ನಾನು ಬರೆದಿರೋದ್ರಲ್ಲಿ ಎಲ್ಲಿ ತಪ್ಪಿದೆ ಅಷ್ಟೇ ಹೇಳು ಅಂತ ಕೇಳಿದ್ರೆ ವಾಸಿ. ಆದ್ರೆ ಅದು ಹೇಳಿದ್ದನ್ನ ಪುಸ್ತಕದ ಜೊತೆ ತಾಳೆ ನೋಡಲೇಬೇಕು, ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತೆ.

ಕೊನೆಗೆ ಟ್ಯೂಷನ್. ನಮ್ಮ ಬೀದೀಲಿ ಒಬ್ರು ರಿಟೈರ್ಡ್ ಟೀಚರ್ ಇದಾರೆ, ಮಕ್ಕಳೆಲ್ಲ ಮಿಸ್ ಅಂತಾರೆ, ಹಾಲಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಮಕ್ಕಳನ್ನ ಕೂರಿಸ್ಕೊಳ್ತಾರೆ, ತಿಂಗಳಿಗೆ 600 ರೂಪಾಯಿ, ಬೋರ್ಡೂ ಇಲ್ಲ ಪಾಂಪ್ಲೆಟ್ಟೂ ಇಲ್ಲ. ಅದೇ ಕಬ್ಬಿಣದ ಸಮೀಕರಣ ಇವಳು ಮೊದಲು ಏನು ಮಾಡಿದ್ಲು ಗೊತ್ತಾ, ಆಕ್ಸಿಜನ್ ಸಾಲಲಿಲ್ಲ ಅಂತ ನೀರಿನ ಸೂತ್ರದ ಒಳಗೇ ಓ ಪಕ್ಕಕ್ಕೆ ಒಂದು 2 ತುರುಕಿದ್ಲು, ಆಮೇಲೆ ಹೊಡೆದುಹಾಕಿ ಆಪಿನ ಉತ್ತರ ಬರೆದಿದ್ಲು. ಮಿಸ್ ಆ ಹೊಡೆದುಹಾಕಿದ ಸಾಲಿನ ಮೇಲೇ ಬೆರಳಿಟ್ಟು "ಇದು ನೀರಲ್ಲಮ್ಮ, ಹೈಡ್ರೋಜನ್ ಪೆರಾಕ್ಸೈಡ್ ಆಯ್ತು, ಗಾಯಕ್ಕೆ ಹಾಕಿದ್ರೆ ನೊರೆ ಬರುತ್ತಲ್ಲ ಅದು, ನೀನು ಮುಂದೆ ಸಂಖ್ಯೆ ಹಾಕ್ಬಹುದು, ಒಳಗೆ ಕೈ ಹಾಕೋ ಹಾಗಿಲ್ಲ" ಅಂದ್ರಂತೆ. ಹೊಡೆದುಹಾಕಿದ್ದನ್ನ ಓದೋ ಆಪ್ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ಒಂದೇ ತೊಂದರೆ, ಪರೀಕ್ಷೆ ಹತ್ರ ಬಂದ ಹಾಗೆ ಮಕ್ಕಳು ಜಾಸ್ತಿ ಆಗ್ತಾರೆ, ಎಲ್ಲರ ಬುಕ್ಕೂ ನೋಡೋಕೆ ಅವರಿಗೂ ಆಗಲ್ಲ, ಸೇರಿಸೋದಾದ್ರೆ ಜೂನಲ್ಲೇ ಸೇರ್ಸಿ.

ಫೋನ್ ಇಲ್ಲದ ಮನೆಯೋರು ಪಂಚಾಯ್ತಿ ಅರಿವು ಕೇಂದ್ರದಲ್ಲಿ (ಪಂಚಾಯ್ತಿ ಲೈಬ್ರರಿ) ಒಂದ್ಸಲ ವಿಚಾರಿಸಿ, ಕೆಲವು ಕಡೆ ಕಂಪ್ಯೂಟರ್ ಇಟ್ಟಿದಾರೆ. ಬೋರ್ಡಿನ ವೆಬ್‌ಸೈಟಲ್ಲಿ ಮಾದರಿ ಪ್ರಶ್ನೆಪತ್ರಿಕೆ ಫ್ರೀಯಾಗಿ ಸಿಗುತ್ತೆ, ಜೆರಾಕ್ಸ್ ಹಾಕ್ಸ್ಕೊಂಡು ಮಾಡ್ಸಿ. 80 ಮಾರ್ಕ್ಸಿಂದು, ಮೂರು ಕಾಲು ಗಂಟೆ, ಅದರಲ್ಲಿ ಮೊದಲ 15 ನಿಮಿಷ ಓದೋಕೆ. ಮಕ್ಕಳನ್ನ ಅಷ್ಟು ಹೊತ್ತು ಒಂದೇ ಕಡೆ ಕೂರಿಸೋದು ಹೇಗೆ ಅಂತ ಗೊತ್ತಿರೋರು ಯಾರಾದ್ರೂ ಇದ್ರೆ ಕೆಳಗೆ ಬರೀರಿ.