ವಾರಕ್ಕೆ 50 ನಿಮಿಷ, 11 ತಿಂಗಳು: ನಾನು ಹೋದ ಥೆರಪಿ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಟ್ ಅಂತ ಆಮೇಲೆ ಹೇಳುತ್ತೇನೆ.

ನಾನು ಹೋಗಿದ್ದು ಸೈಕೋಡೈನಮಿಕ್ ಥೆರಪಿಗೆ, ಅಂದರೆ ಹಳೆಯ ಅನುಭವ, ಒಳಗೆ ಅಡಗಿದ ಭಾವನೆಗಳು ಇವತ್ತಿನ ನಡವಳಿಕೆಯನ್ನು ಹೇಗೆ ನಡೆಸುತ್ತವೆ ಅಂತ ಮಾತಾಡುತ್ತಾ ಹುಡುಕುವ ಚಿಕಿತ್ಸೆಗೆ. ಕಾರಣ ಇಷ್ಟೇ: ಕೈಗೆ ಬಂದ ತುತ್ತು ಬಾಯಿಗೆ ಹೋಗುವ ಹೊತ್ತಿಗೆ ನಾನೇ ಚೆಲ್ಲುತ್ತಿದ್ದೆ. ಮೂರು ಕೆಲಸ ಬದಲಿಸಿದೆ. ಮೂರರಲ್ಲೂ ಬಡ್ತಿಯ ಮಾತು ಬಂದ ತಿಂಗಳೇ ಎಡವಟ್ಟು. ಒಂದು ಕಡೆ ಮುಖ್ಯವಾದ ಮೀಟಿಂಗಿಗೇ ತಡ. ಇನ್ನೊಂದು ಕಡೆ ಬಾಸ್ ಜೊತೆ ಸುಮ್ನೆ ಜಗಳ. ಕೊನೆಯದರಲ್ಲಿ, ಬರೆದು ಮುಗಿಸಿದ ವರದಿಯನ್ನು ಕಳಿಸದೆ ಒಂಬತ್ತು ದಿನ ಡ್ರಾಫ್ಟ್‌ನಲ್ಲೇ ಇಟ್ಟಿದ್ದೆ. ಸೋಮಾರಿತನ ಅಂತ ನಾನೂ ನಂಬಿದ್ದೆ. ಅಲಾರಂ, ಪ್ಲಾನರ್ ಎಲ್ಲಾ ಆಗಿತ್ತು.

ಮೊದಲ ಎರಡು ತಿಂಗಳು ಬರೀ ಬೇಜಾರು. "ಏನು ಮಾಡಲಿ, ಹೇಳಿ" ಅಂದರೆ ಥೆರಪಿಸ್ಟ್ ಸುಮ್ಮನೆ ಕೂರುತ್ತಿದ್ದರು. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು.

ಆಮೇಲೆ ಒಂದು ಸೆಷನ್ ತುಂಬಾ ಚೆನ್ನಾಗಿ ಹೋಯಿತು. ಮುಂದಿನ ವಾರ ನಾನು 20 ನಿಮಿಷ ತಡ. ಇನ್ನೊಂದು ಒಳ್ಳೆಯ ಸೆಷನ್ ಆಯಿತು. ಮರುವಾರ ಹೋಗುವುದನ್ನೇ ಮರೆತೆ. ಮೂರನೇ ಸಲ ಹಾಗಾದಾಗ ಅವರು ನೋಟ್‌ಬುಕ್ ಮುಚ್ಚಿಟ್ಟು ಕೇಳಿದರು: "ಇಲ್ಲಿ ನಿಮಗೆ ಒಳ್ಳೇದಾದ್ರೆ ಯಾರಿಗೆ ಕಷ್ಟ?"

ಯಾಕೆ ತಡ ಅಂತ ಕೇಳಿದ್ದರೆ ಟ್ರಾಫಿಕ್ ಅನ್ನುತ್ತಿದ್ದೆ. ಯಾರಿಗೆ ಅಂದದ್ದಕ್ಕೆ ಬಾಯಿಗೆ ಬಂದದ್ದು ಅಣ್ಣನ ಹೆಸರು. ನಾನು ಕ್ಲಾಸಿಗೇ ಮೊದಲು ಬಂದ ವರ್ಷ ಅವನು ಫೇಲಾಗಿದ್ದ. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ನಾನು ಅಂಕಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜಾಮಿಟ್ರಿ ಬಾಕ್ಸಿನ ತಳಕ್ಕೆ, ಕೈವಾರದ ಕೆಳಗೆ ತುರುಕಿದ್ದೆ. ಬಚ್ಚಿಡು ಅಂತ ಯಾರೂ ಹೇಳಿರಲಿಲ್ಲ. ಇದೆಲ್ಲ ನನಗೆ ನೆನಪಿತ್ತು. ಬಡ್ತಿಗೂ ಇದಕ್ಕೂ ನಂಟಿದೆ ಅಂತ ಮಾತ್ರ ಹೊಳೆದಿರಲಿಲ್ಲ.

ಮನೆಗೆ ಬಂದು ಹುಡುಕಿ ಓದಿದೆ. ಮನುಷ್ಯ ನೆನಪು ಮಾಡಿಕೊಳ್ಳಲಾಗದ್ದನ್ನು ಮಾಡಿ ತೋರಿಸುತ್ತಾನೆ, ಅದೂ ಥೆರಪಿಯ ಕೋಣೆಯಲ್ಲೇ, ಅಂತ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1914ರಲ್ಲೇ ಬರೆದಿದ್ದಾರೆ. ಗೆದ್ದ ಕೂಡಲೇ ಕುಸಿಯುವವರ ಬಗ್ಗೆ 1916ರಲ್ಲಿ. ನನ್ನದೇನೋ ವಿಶೇಷ ಕಾಯಿಲೆ ಅಂದುಕೊಂಡಿದ್ದೆ, ನೂರು ವರ್ಷ ಹಳೆಯದು!

ಇನ್ನು ಆ ಕಟ್ ಆದ ಸ್ಟಾರ್. ಇದು ನಿಧಾನದ ಕೆಲಸ, ಸಲಹೆ ಸಿಗುವುದಿಲ್ಲ ಅಂತ ಮೊದಲ ದಿನವೇ ಹೇಳಬಹುದಿತ್ತು ಅಲ್ವಾ? ತಪ್ಪಿಸಿದ ಸೆಷನ್ನಿಗೂ ಫೀಸು ಅನ್ನುವುದು ಬಿಲ್ ನೋಡಿದ ಮೇಲೆ ಗೊತ್ತಾಯಿತು. ಹೋಂವರ್ಕ್, ನೇರವಾದ ಉಪಾಯ ಬೇಕು ಅನ್ನುವವರು ಸಿಬಿಟಿ (ಯೋಚನೆ, ಅಭ್ಯಾಸಗಳನ್ನು ಬದಲಿಸಲು ಕಲಿಸುವ ಥೆರಪಿ) ವಿಚಾರಿಸಿ.

ನಂಟು ಗೊತ್ತಾದ ಕೂಡಲೇ ಚಾಳಿ ಬಿಡಲಿಲ್ಲ. ಕಳೆದ ತಿಂಗಳೂ ಒಂದು ಅರ್ಜಿ ತುಂಬಿ, ಕಳಿಸದೆ ಕೂತಿದ್ದೆ. ಎರಡೇ ದಿನ. ಈ ವಿಮರ್ಶೆಯನ್ನು ಭಾನುವಾರವೇ ಬರೆದು ಮುಗಿಸಿದ್ದೆ. ಇವತ್ತು ಗುರುವಾರ.