ತೋಟದ ಕೆಸರು ದಾರಿಗೆ ಯಾವ ಗಾಡಿ: ಡೀಸೆಲ್, ಪ್ಲಗ್-ಇನ್, ಪೂರ್ತಿ ಎಲೆಕ್ಟ್ರಿಕ್

ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗೆ ದೊಡ್ಡ ಎಲೆಕ್ಟ್ರಿಕ್ ಗಾಡಿ ತರಬೇಕೆನ್ನುವವರು ಮೊದಲು ಕೇಳುವುದು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಅಂತ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬಂದರೆ 120 ಕಿ.ಮೀ. ಆಸುಪಾಸು. 75 ಯೂನಿಟ್ ಹಿಡಿಯುವ ಬ್ಯಾಟರಿಗೆ ಅದೇನೂ ಭಾರವಲ್ಲ. ಕೇಳಿಕೊಳ್ಳಬೇಕಾದ್ದು ಬೇರೆ ಎರಡು: ಡಾಂಬರು ಮುಗಿದ ಮೇಲಿನ ಅರ್ಧ ಕಿಲೋಮೀಟರ್ ಜುಲೈಯಲ್ಲಿ ಹೇಗಿರುತ್ತದೆ? ಮೀಟರಿನಿಂದ ಗಾಡಿ ನಿಲ್ಲಿಸುವ ಕೊಟ್ಟಿಗೆಗೆ ಎಳೆದ ವೈರ್ ಎಷ್ಟು ದಪ್ಪ ಇದೆ?

ಇಲ್ಲಿ ಹೋಲಿಸಿರುವುದು ಎರಡು ಮೋಟಾರಿನ ಟಾಟಾ ಹ್ಯಾರಿಯರ್ ಇವಿ, ಪ್ಲಗ್-ಇನ್ ಹೈಬ್ರಿಡ್ (ಪ್ಲಗ್ಗಿನಿಂದ ಚಾರ್ಜ್ ಆಗುವ ಬ್ಯಾಟರಿ, ಪೆಟ್ರೋಲ್ ಎಂಜಿನ್ ಎರಡೂ ಇರುವುದು) ಆದ ಲ್ಯಾಂಡ್ ರೋವರ್ ಡಿಫೆಂಡರ್ ಪಿ400ಇ, ಮತ್ತು ಅಳತೆಗೋಲಾಗಿ ಡೀಸೆಲ್ ಥಾರ್ ಫೋರ್ ವೀಲ್. ಬೆಲೆಯಲ್ಲಿ ಇವು ಒಂದೇ ಸಾಲಿನವಲ್ಲ. 2025ರಲ್ಲಿ ಬಂದಾಗ ಎರಡು ಮೋಟಾರಿನ ಹ್ಯಾರಿಯರ್‌ಗೆ 28.99 ಲಕ್ಷ ಇತ್ತು, ಡಿಫೆಂಡರ್ ಅದರ ಮೂರು ಪಟ್ಟಿಗೂ ಹೆಚ್ಚು. ಆದರೂ ಅದನ್ನು ಸೇರಿಸಲು ಕಾರಣವಿದೆ. ಲೋ ರೇಂಜ್ ಗೇರ್ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಎಳೆಯುವ ಗೇರ್) ಇದ್ದು, ಮನೆಯಲ್ಲಿ ಚಾರ್ಜ್ ಆಗಿ, ಪೆಟ್ರೋಲಿನಲ್ಲೂ ಓಡುವ ಗಾಡಿಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಇನೋವಾ ಹೈಕ್ರಾಸ್, ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ (ಓಡುತ್ತಲೇ ಬ್ಯಾಟರಿ ತುಂಬಿಕೊಳ್ಳುವಂಥವು) ಪ್ಲಗ್ಗೂ ಇಲ್ಲ, ಹಿಂದಿನ ಚಕ್ರಕ್ಕೆ ಎಳೆತವೂ ಇಲ್ಲ. ಮಹೀಂದ್ರಾ ಎಕ್ಸ್‌ಇವಿ 9ಇ ಹಿಂದಿನ ಚಕ್ರದ್ದು ಮಾತ್ರ. ಅವುಗಳನ್ನು ಡಾಂಬರಿಗೇ ಬಿಡೋಣ.

ಮೊದಲು ಏರು. ಹಾವಸೆ ಹಿಡಿದ ಜಂಬಿಟ್ಟಿಗೆ ಏರಿನಲ್ಲಿ ಹ್ಯಾರಿಯರ್ ನಿಂತಲ್ಲಿಂದ ಹತ್ತುವ ರೀತಿ ಡೀಸೆಲ್‌ಗೆ ಬರುವುದಿಲ್ಲ. ಕ್ಲಚ್ ಇಲ್ಲ, ಗೇರ್ ಬದಲಿಸುವಾಗಿನ ಜಗ್ಗೂ ಇಲ್ಲ. ಮುಂದಿನ ಮೋಟಾರಿಗೂ ಹಿಂದಿನದಕ್ಕೂ ಬಲ ಬೇರೆಬೇರೆಯಾಗಿ ಹೋಗುವುದರಿಂದ ಚಕ್ರ ಜಾರತೊಡಗಿದ ಕೂಡಲೇ ಹಿಡಿತ ಸರಿಹೋಗುತ್ತದೆ. ತೊಂದರೆ ಬರುವುದು ಹೊಂಡದಲ್ಲಿ ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲಿ ನಿಂತಾಗ. ಹಾರಿದ ಚಕ್ರಕ್ಕೆ ಗಾಡಿಯೇ ಬ್ರೇಕ್ ಹಿಡಿದು ನೆಲದಲ್ಲಿರುವ ಚಕ್ರಕ್ಕೆ ಬಲ ಕಳಿಸಬೇಕು, ಅದಕ್ಕೆ ಒಂದೆರಡು ಕ್ಷಣ ಬೇಕು. ಆಗ ಗಾಬರಿಯಿಂದ ಕಾಲು ತೆಗೆದರೆ ಕೆಲಸ ಕೆಡುತ್ತದೆ, ಆಕ್ಸಿಲರೇಟರ್ ಒಂದೇ ಸಮನೆ ಒತ್ತಿ ಹಿಡಿದಿರಬೇಕು. ಹಿಂದಿನ ಡಿಫರೆನ್ಷಿಯಲ್ ಲಾಕ್ ಆಗಿ ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವ ಥಾರ್ ಈ ಜಾಗದಲ್ಲಿ ಸಲೀಸು. ಇನ್ನೊಂದು ಎಚ್ಚರ: ಏರಿನಲ್ಲಿ ಎಲೆಕ್ಟ್ರಿಕ್ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ತಡೆದು ನಿಲ್ಲಿಸಬಾರದು. ತಿರುಗದ ಮೋಟಾರಿಗೆ ಕರೆಂಟ್ ಹರಿದು ಬಿಸಿಯಾದರೆ ಬಲವನ್ನು ಗಾಡಿಯೇ ಕಡಿತ ಮಾಡುತ್ತದೆ. ನಿಲ್ಲಬೇಕಾದರೆ ಬ್ರೇಕ್.

ಟ್ರ್ಯಾಕ್ಟರ್ ಓಡಾಡಿ ಆಳವಾದ ಗಾಲಿಜಾಡಿನಲ್ಲಿ ಚಾಲನೆಯ ಅಭ್ಯಾಸವನ್ನೇ ಬದಲಿಸಬೇಕು. ಥಾರಿನವರು ನಡುವಿನ ದಿಬ್ಬವನ್ನು ಹೊಟ್ಟೆಯ ಕೆಳಗೆ ಬಿಟ್ಟುಕೊಂಡು ಹೋಗುತ್ತಾರೆ. ಅಲ್ಲಲ್ಲಿ ತಾಗಿದರೂ ತಾಗುವುದು ಛಾಸಿಗೆ. ಎಲೆಕ್ಟ್ರಿಕ್ ಗಾಡಿಯ ಹೊಟ್ಟೆಯೆಂದರೆ ಬ್ಯಾಟರಿ ಪೆಟ್ಟಿಗೆ. ಆದ್ದರಿಂದ ಒಂದು ಬದಿಯ ಚಕ್ರವನ್ನು ನಡುದಿಬ್ಬದ ಮೇಲೆಯೂ ಇನ್ನೊಂದನ್ನು ಜಾಡಿನ ಹೊರಗಿನ ಅಂಚಿನ ಮೇಲೆಯೂ ಹತ್ತಿಸಿಕೊಂಡು ಹೋಗಬೇಕು. ಕಲ್ಲು ಬಡಿದ ಸದ್ದು ಕೇಳಿದರೆ ಮನೆಗೆ ಬಂದವರೇ ಟಾರ್ಚ್ ಹಿಡಿದು ತಳ ನೋಡಿ, ತಗ್ಗಾಗಿದ್ದರೆ ಫೋಟೋ ತೆಗೆದಿಟ್ಟು ಸರ್ವಿಸಿನವರಿಗೆ ತೋರಿಸಿ. ಪಿ400ಇಯ ಬ್ಯಾಟರಿ ಇರುವುದು ಹಿಂದಿನ ಸಾಮಾನು ಜಾಗದ ಕೆಳಗೆ. ಏರ್ ಸಸ್ಪೆನ್ಷನ್‌ನಿಂದ ಗಾಡಿಯನ್ನು ಎತ್ತರಿಸಿಕೊಂಡರೆ ಈ ಚಿಂತೆ ಬಹಳ ಕಡಿಮೆ. ಆದರೆ ಎರಡೂವರೆ ಟನ್ ತೂಕ ಮೆದು ನೆಲದಲ್ಲಿ ಒಮ್ಮೆ ಹೂತರೆ ಎಳೆಯಲು ಟ್ರ್ಯಾಕ್ಟರೇ ಬರಬೇಕು.

ಹಳ್ಳ ದಾಟುವ ಲೆಕ್ಕ ಹೀಗಿದೆ: ಹ್ಯಾರಿಯರ್‌ಗೆ 600 ಮಿ.ಮೀ., ಥಾರ್‌ಗೆ 650, ಡಿಫೆಂಡರ್‌ಗೆ 900. ಎಲೆಕ್ಟ್ರಿಕ್ ಗಾಡಿಗೆ ಎಂಜಿನ್ನೇ ಇಲ್ಲವಲ್ಲ, ನೀರು ಏನು ಮಾಡೀತು ಅನ್ನುವ ಮಾತು ಅಪಾಯದ್ದು. ನೀರು ಏರಿದಷ್ಟೂ ಗಾಡಿ ತೇಲಲು ನೋಡುತ್ತದೆ, ಚಕ್ರದ ಹಿಡಿತ ಹೋಗುತ್ತದೆ. ಕೋಲಿಗೆ 60 ಸೆಂ.ಮೀ.ಗೆ ಗುರುತು ಹಾಕಿಟ್ಟುಕೊಂಡು ಇಳಿಯುವ ಮೊದಲು ಅಳೆಯಿರಿ. ನೀರು ಹರಿಯುತ್ತಿದ್ದರೆ ಆ ಅಳತೆಯ ಅರ್ಧಕ್ಕೇ ನಿಲ್ಲಿಸಿ. ಮನೆಗೆ ಬಂದ ಮೇಲೆ ತಳದ ಕೆಸರನ್ನು ಸಾದಾ ಪೈಪಿನಲ್ಲಿ ತೊಳೆಯಿರಿ. ಹೈವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಸೇರುವ ಕಡೆ ಪ್ರೆಶರ್ ವಾಶರ್ ಹಿಡಿಯಬೇಡಿ.

ಇನ್ನು ಕರೆಂಟು. ಇದರ ಮೇಲೆಯೇ ಆಯ್ಕೆ ನಿಂತಿದೆ.

ಹದಿನೈದು ಆಂಪಿಯರ್ ಪ್ಲಗ್ಗಿನಲ್ಲಿ ಗಂಟೆಗೆ ಹೆಚ್ಚೆಂದರೆ 3 ಯೂನಿಟ್ ಏರುತ್ತದೆ. ರಾತ್ರಿ ಹತ್ತು ತಾಸು ಹಾಕಿಟ್ಟರೆ 30 ಯೂನಿಟ್. ನಮ್ಮ ಏರಿಳಿತದ ದಾರಿಯಲ್ಲಿ ಯೂನಿಟ್ಟಿಗೆ 5 ಕಿ.ಮೀ. ಹಿಡಿದರೂ 150 ಕಿ.ಮೀ. ಆಯಿತು. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಚಾರ್ಜರ್ ನಿಂತುಬಿಡುವುದುಂಟು. ರಾತ್ರಿ ಹನ್ನೊಂದರ ಮೇಲೆ ಹಾಕಿ, ಆಂಪಿಯರ್ ಕಡಿಮೆ ಇಡಿ.

7.2 ಕಿಲೋವ್ಯಾಟ್ ಚಾರ್ಜರ್ ಕೂರಿಸುವುದಾದರೆ ಮೊದಲು ಮೆಸ್ಕಾಂನಲ್ಲಿ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳಬೇಕು. ಅದು 32 ಆಂಪಿಯರ್ ಎಳೆಯುತ್ತದೆ. ಕೊಟ್ಟಿಗೆ 50 ಮೀಟರ್ ದೂರವಿದ್ದರೆ 6 ಚದರ ಮಿ.ಮೀ. ತಾಮ್ರದ ವೈರಿನಲ್ಲಿ 10 ವೋಲ್ಟ್ ಹೋಗುತ್ತದೆ. 100 ಮೀಟರ್ ಇದ್ದರೆ 20 ವೋಲ್ಟ್, ಅಲ್ಲಿಗೆ 10 ಚದರ ಮಿ.ಮೀ. ವೈರೇ ಬೇಕು. ಅರ್ತಿಂಗ್ ಮಳೆಗಾಲದಲ್ಲಿ ಚೆನ್ನಾಗಿದ್ದು ಏಪ್ರಿಲ್‌ನಲ್ಲಿ ಕೈಕೊಡುತ್ತದೆ. ಜಂಬಿಟ್ಟಿಗೆ ನೆಲ ಒಣಗಿದಾಗ ಚಾರ್ಜರಿನಲ್ಲಿ ಕೆಂಪು ದೀಪ ಬಂದರೆ ಗಾಡಿಯನ್ನು ಬೈಯುವ ಮೊದಲು ಅರ್ತ್ ಗುಂಡಿಗೆ ನಾಲ್ಕು ಕೊಡ ನೀರು ಹೊಯ್ದು ನೋಡಿ. ಗುಡುಗು ಶುರುವಾದರೆ ಗನ್ (ಗಾಡಿಗೆ ಸಿಕ್ಕಿಸುವ ಚಾರ್ಜರಿನ ತುದಿ) ಕಳಚಿಡಿ. ಪಂಪ್‌ಸೆಟ್ಟಿನ ಉಚಿತ ಲೈನಿಗೆ ಗಾಡಿ ಹಚ್ಚುವುದು ಅಕ್ರಮ.

ಪಿ400ಇಯ ಬಲ ಕಾಣುವುದು ಇಲ್ಲಿಯೇ. ಅದರದ್ದು 19.2 ಯೂನಿಟ್ ಬ್ಯಾಟರಿ, ಸಾದಾ ಪ್ಲಗ್ಗಿನಲ್ಲೇ ಒಂದು ರಾತ್ರಿಗೆ ತುಂಬುತ್ತದೆ. ಪೇಟೆಗೆ ಹೋಗಿ ಬರುವ 30 ಕಿ.ಮೀ. ಪೆಟ್ರೋಲಿಲ್ಲದೆ ಆಗುತ್ತದೆ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಿದ್ದರೂ ಗಾಡಿ ನಿಲ್ಲುವುದಿಲ್ಲ. ಮೋಟಾರ್ ಗೇರ್‌ಬಾಕ್ಸಿನ ಒಳಗೇ ಇರುವುದರಿಂದ ಬ್ಯಾಟರಿ ಖಾಲಿಯಾದಾಗಲೂ ನಾಲ್ಕೂ ಚಕ್ರ, ಲೋ ರೇಂಜ್ ಎರಡೂ ಉಳಿಯುತ್ತವೆ. ಆದರೆ ದಿನಾ ಪ್ಲಗ್ ಹಾಕದವರಿಗೆ ಇದು ಭಾರದ ಪೆಟ್ರೋಲ್ ಗಾಡಿ ಅಷ್ಟೆ. ತಿಂಗಳುಗಟ್ಟಲೆ ಬರೀ ಕರೆಂಟಿನಲ್ಲಿ ಓಡಿಸಿದರೆ ಟ್ಯಾಂಕಿನ ಪೆಟ್ರೋಲ್ ಹಳತಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ತಿಂಗಳಿಗೊಮ್ಮೆಯಾದರೂ ಎಂಜಿನ್ ಬಿಸಿಯಾಗುವಷ್ಟು ಓಡಿಸಿ.

ಕರೆಂಟ್ ಹೋದಾಗ ಹ್ಯಾರಿಯರ್ ಇನ್ನೊಂದು ಉಪಕಾರ ಮಾಡುತ್ತದೆ. 3.3 ಕಿಲೋವ್ಯಾಟ್ ವರೆಗೆ ಹೊರಗೆ ಕೊಡುತ್ತದೆ. ದೀಪ, ಫ್ರಿಜ್, ಮಿಕ್ಸಿಗೆ ದಿನಕ್ಕೆ 5 ಯೂನಿಟ್ ಹಿಡಿದರೂ ಅರ್ಧ ಬ್ಯಾಟರಿಯಲ್ಲಿ ಒಂದು ವಾರ ನಡೆಯುತ್ತದೆ. ಬಾವಿಯ ಪಂಪ್ ಮಾತ್ರ ಶುರುವಾಗುವಾಗ ಐದಾರು ಪಟ್ಟು ಎಳೆದು ಟ್ರಿಪ್ ಮಾಡಿಸಬಹುದು. ಗಾಡಿಯ ಕರೆಂಟನ್ನು ಚೇಂಜ್‌ಓವರ್ ಸ್ವಿಚ್ (ಮೆಸ್ಕಾಂ ಲೈನ್ ಕಡಿದು ಗಾಡಿಯ ಕಡೆಗೆ ಬದಲಿಸುವ ಸ್ವಿಚ್) ಇಲ್ಲದೆ ಮನೆಯ ಬೋರ್ಡಿಗೆ ಕೊಡಲೇಬೇಡಿ. ಅದು ಲೈನಿಗೆ ಹಿಂದಿರುಗಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ತೆಗೆಯುತ್ತದೆ.

ಘಟ್ಟದ ಮಾತು ಉಳಿಯಿತು. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಏರು. ಎರಡೂವರೆ ಟನ್ನನ್ನು ಅಷ್ಟು ಎತ್ತರಕ್ಕೆ ಎತ್ತಲಿಕ್ಕೇ 3.4 ಯೂನಿಟ್ ಬೇಕು. ಹ್ಯಾರಿಯರ್‌ಗೆ ಅದು ಲೆಕ್ಕಕ್ಕಿಲ್ಲ, ಪಿ400ಇಗೆ ಬ್ಯಾಟರಿಯ ಆರನೇ ಒಂದು ಪಾಲಿಗಿಂತ ಹೆಚ್ಚು. ಇಳಿಯುವಾಗ ಮೋಟಾರೇ ಗಾಡಿಯನ್ನು ತಡೆದು ಕರೆಂಟ್ ಮಾಡುವುದರಿಂದ ಎರಡು ಯೂನಿಟ್‌ನಷ್ಟು ವಾಪಸ್ ಬರುತ್ತದೆ, ಆದರೆ ಬ್ಯಾಟರಿಯಲ್ಲಿ ಜಾಗ ಇದ್ದರೆ ಮಾತ್ರ. ಆಗುಂಬೆ, ಮಾಸ್ತಿಕಟ್ಟೆಯಂಥ ಘಟ್ಟದ ನೆತ್ತಿಯ ಊರಿನವರು ಪೂರ್ತಿ ತುಂಬಿಸಿಕೊಂಡು ಇಳಿಯಲು ಹೊರಟರೆ ಮೋಟಾರಿನ ತಡೆ ಸಿಗದೆ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಡಿಫೆಂಡರ್ ಆದರೆ ಗೇರ್ ಇಳಿಸಿ ಎಂಜಿನ್ನಿನಲ್ಲಿ ತಡೆಯಬಹುದು. ಹ್ಯಾರಿಯರ್‌ನವರು ಕರಾವಳಿಗೆ ಹೊರಡುವ ಹಿಂದಿನ ರಾತ್ರಿ ಚಾರ್ಜನ್ನು ಶೇ. 90ಕ್ಕೆ ನಿಲ್ಲಿಸಿ.