ನಾಲ್ಕು ವರ್ಷ ಬಳಸಿದ ಫ್ಯಾನ್ ಚಾಟ್ ಆ್ಯಪ್: ಐದಕ್ಕೆ ಮೂರೂವರೆ

ಆ್ಯಪ್ ಹೆಸರು ಬೇಡ ಬಿಡಿ. ಈ ಜಾತಿಯವೆಲ್ಲ ಹೆಚ್ಚುಕಡಿಮೆ ಒಂದೇ ಥರ: ಎಡಗಡೆ ಚಾನೆಲ್‌ಗಳ ಪಟ್ಟಿ, ನಡುವೆ ಹರಟೆ. ನಮ್ಮ ಗುಂಪಿನಲ್ಲಿ ಟಿವಿ, ಪಾಡ್‌ಕಾಸ್ಟ್, ಕ್ವಿಜ್ ಶೋ, ಲೈವ್ ಸಂಗೀತ ಅಂತ ನಾಲ್ಕು ಚಾನೆಲ್ ಇವೆ. ಸ್ಟಿಕರ್, ಬ್ಯಾಡ್ಜ್, ಬಣ್ಣದ ಹೆಸರು ಎಲ್ಲ ಮೊದಲ ತಿಂಗಳ ಸಂಭ್ರಮ. ಆಮೇಲೆ ನನಗೆ ಮುಖ್ಯವಾಗಿದ್ದು ಒಂದೇ: ಒಂದೇ ಕಾರ್ಯಕ್ರಮವನ್ನು ಬೇರೆ ಬೇರೆ ಹೊತ್ತಿಗೆ ನೋಡೋ ಜನರನ್ನು ಇದು ಹೇಗೆ ಸಂಭಾಳಿಸುತ್ತೆ ಅನ್ನೋದು.

ಒಂದು ರಿಯಾಲಿಟಿ ಶೋ ಫೈನಲ್ ದಿನ. ನನ್ನ ಪರದೆಯಲ್ಲಿ ನಿರೂಪಕರು ಇನ್ನೂ ಲಕೋಟೆ ಬಿಚ್ಚುತ್ತಿದ್ದಾರೆ, ಫೋನಲ್ಲಿ 'ಅಯ್ಯೋ, ಸೋತಳಲ್ಲಪ್ಪಾ!' ಅಂತ ಬಂತು. ಬರೆದವರದೇನೂ ತಪ್ಪಿಲ್ಲ, ಅವರು ಆಂಟೆನಾದಲ್ಲಿ ನೋಡುತ್ತಿದ್ದರು. ನನ್ನದು ಸ್ಟ್ರೀಮಿಂಗ್. ಅಲ್ಲಿ ವಿಡಿಯೊ ಬರೋದೇ ತುಂಡು ತುಂಡಾಗಿ. ಆಪಲ್‌ನ ಎಚ್‌ಎಲ್‌ಎಸ್ ಅನ್ನೋ ಸ್ಟ್ರೀಮಿಂಗ್ ವಿಧಾನದಲ್ಲಿ ತುಂಡೊಂದಕ್ಕೆ 6 ಸೆಕೆಂಡ್ ಅನ್ನೋದು ಶಿಫಾರಸು. ಅಂಥ ಎರಡು ಮೂರು ತುಂಡು ಕೂಡಿಟ್ಟುಕೊಂಡ ಮೇಲೇ ಪ್ಲೇಯರ್ ತೋರಿಸೋಕೆ ಶುರುಮಾಡೋದು. ಚಾಟ್ ಸಂದೇಶಕ್ಕೆ ಆ ಕಾಯೋ ಕೆಲಸವಿಲ್ಲ. ಈಗ ಫೈನಲ್ ಇದ್ದರೆ ಫೋನ್ ಮಗುಚಿ ಇಡ್ತೀನಿ. ರೆಕಾರ್ಡ್ ಆದ ಎಪಿಸೋಡ್‌ಗಾದರೆ 'ಒಟ್ಟಿಗೆ ನೋಡೋಣ' ಅನ್ನೋ ಸೌಲಭ್ಯ ಇದೆ. ಒಬ್ಬರು ನಿಲ್ಲಿಸಿದರೆ ಎಲ್ಲರದ್ದೂ ನಿಲ್ಲುತ್ತೆ. ನಾನು ಆ್ಯಪ್ ಬಿಡದೇ ಇರೋದಕ್ಕೆ ಅರ್ಧ ಕಾರಣ ಅದೇ.

ಸ್ಪಾಯ್ಲರ್, ಅಂದರೆ ಮುಂದಾಗೋದರ ಗುಟ್ಟು ಬಿಟ್ಟುಕೊಡೋ ಸಾಲು, ಮುಚ್ಚಿಡೋ ಸೌಲಭ್ಯವೂ ಚೆನ್ನಾಗಿದೆ, ಮುಟ್ಟಿದರೆ ಮಾತ್ರ ಸಾಲು ಕಾಣುತ್ತೆ. ಆದರೆ ಸುಮಾರು ಎರಡು ವರ್ಷ, ಚಾಟ್‌ನಲ್ಲಿ ಮುಚ್ಚಿದ ಸಾಲು ನೋಟಿಫಿಕೇಶನ್‌ನಲ್ಲಿ ಬಟಾಬಯಲಾಗಿ ಬರ್ತಿತ್ತು! ಆಮೇಲೆ ಸರಿಮಾಡಿದರು. ಯೂಸ್‌ನೆಟ್ ಅನ್ನೋ ಹಳೇ ಚರ್ಚಾಗುಂಪುಗಳ ಕಾಲದವರು ಸ್ಪಾಯ್ಲರ್ ಮುಚ್ಚೋಕೆ ರಾಟ್13 ಬಳಸ್ತಿದ್ದರು, ಪ್ರತಿ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ತಳ್ಳೋದು. ಇಂಗ್ಲಿಷಿನ 26 ಅಕ್ಷರಕ್ಕೆ ಸರಿ, ನಮ್ಮ ಒತ್ತಕ್ಷರಗಳ ಹತ್ತಿರ ಅದರ ಆಟ ನಡೆಯಲ್ಲ.

ಕ್ವಿಜ್ ಶೋ ಚಾನೆಲ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಮೊದಲೇ ಚಿತ್ರೀಕರಿಸಿದ ಶೋನ ಗುಟ್ಟು ಉಳಿಸೋದು ಯಾವ ಆ್ಯಪ್‌ನ ಕೈಯಲ್ಲೂ ಇಲ್ಲ. ಅಮೆರಿಕದ 'ಜೆಪರ್ಡಿ'ಯಲ್ಲಿ ಕೆನ್ ಜೆನ್ನಿಂಗ್ಸ್ 74 ಆಟ ಗೆದ್ದು ಸೋತಿದ್ದು ಪ್ರಸಾರವಾಗಿದ್ದು 2004ರ ನವೆಂಬರ್ 30ಕ್ಕೆ. ಸುದ್ದಿ ಅದಕ್ಕೂ ಮೊದಲೇ ಸೋರಿತ್ತು.

ಪಾಡ್‌ಕಾಸ್ಟ್ ಚಾನೆಲ್‌ನಲ್ಲಿ ತಲೆನೋವೇ ಬೇರೆ. '34ನೇ ನಿಮಿಷದಲ್ಲಿ ಆ ನಗು ಕೇಳಿ' ಅಂತ ಒಬ್ಬರು ಬರೀತಾರೆ, ನಾನು ಹೋದರೆ ಅಲ್ಲಿ ಹಾಸಿಗೆ ಜಾಹೀರಾತು. ಈಗ ಎಷ್ಟೋ ಪಾಡ್‌ಕಾಸ್ಟ್‌ಗಳಲ್ಲಿ ಡೌನ್‌ಲೋಡ್ ಮಾಡೋ ಹೊತ್ತಿಗೇ ಜಾಹೀರಾತು ಸೇರಿಸ್ತಾರೆ, ಹಾಗಾಗಿ ಒಬ್ಬೊಬ್ಬರ ಫೈಲ್ ಒಂದೊಂದು ಉದ್ದ. ನಾವೀಗ ನಿಮಿಷ ಬರೆಯೋದು ಬಿಟ್ಟು, ಆ ಜಾಗದ ಮೊದಲ ನಾಲ್ಕು ಪದ ಬರೀತೀವಿ. ಹುಡುಕೋದು ನಿಧಾನ, ಆದರೆ ತಪ್ಪೋದಿಲ್ಲ.

ಅಂಕ ಹೋಗಿದ್ದೆಲ್ಲ ಲೈವ್ ಸಂಗೀತದ ಚಾನೆಲ್‌ನಲ್ಲಿ, ಕಾರಣ ಹುಡುಕಾಟ. ಈ ಮಂದಿ ಮಾತಾಡೋದೇ ತಾರೀಖಿನಲ್ಲಿ, ಒಂದೊಂದು ಸಂಗೀತ ಕಛೇರಿಯ ರೆಕಾರ್ಡಿಂಗನ್ನೂ ಅದು ನಡೆದ ದಿನದಿಂದಲೇ ಗುರುತಿಸ್ತಾರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಅನ್ನೋ ರಾಕ್ ತಂಡ 1984ರಲ್ಲಿ ತನ್ನ ಕಛೇರಿಗಳನ್ನ ರೆಕಾರ್ಡ್ ಮಾಡ್ಕೊಳ್ಳೋ ಅಭಿಮಾನಿಗಳಿಗೆ ಅಂತಲೇ ಬೇರೆ ಜಾಗ ಬಿಟ್ಟುಕೊಡೋಕೆ ಶುರುಮಾಡಿತು. ಇಂಟರ್‌ನೆಟ್ ಆರ್ಕೈವ್ ಅನ್ನೋ ಡಿಜಿಟಲ್ ಗ್ರಂಥಾಲಯದ ಲೈವ್ ಸಂಗೀತ ಸಂಗ್ರಹ 2002ರಿಂದ ಇದೆ. ಡೆಡ್ ಅಭಿಮಾನಿಗೆ '5/8/77' ಅಂದರೆ ಸಾಕು, ಕಾರ್ನೆಲ್ ವಿಶ್ವವಿದ್ಯಾಲಯದ ಆ ಸಂಗೀತ ಕಛೇರಿ ಅಂತ ಗೊತ್ತು. ಅಮೆರಿಕದವರ ಲೆಕ್ಕದಲ್ಲಿ ಅದು ಮೇ 8. ನಮ್ಮಲ್ಲಿ ಅದನ್ನೇ ಒಬ್ಬರು 8/5/77 ಅಂತಾರೆ, ಇನ್ನೊಬ್ಬರು 'ಮೇ 8' ಅಂತಾರೆ. ಆ್ಯಪ್‌ಗೆ ಮೂರೂ ಬೇರೆ ಬೇರೆ.

ಕನ್ನಡದಲ್ಲಂತೂ ಕೇಳಲೇಬೇಡಿ. 'ಹಾಡು' ಅಂತ ಹುಡುಕಿದರೆ 'ಹಾಡಿನ', 'ಹಾಡನ್ನು' ಇರೋ ಸಂದೇಶ ಸಿಗಲ್ಲ, 'ಹಾಡ' ಅಂತ ಅರ್ಧಕ್ಕೇ ನಿಲ್ಲಿಸಬೇಕು. 'ಪಾಡ್‌ಕಾಸ್ಟ್' ಅನ್ನೋದರಲ್ಲಿ ಡ ಮತ್ತು ಕ ಒತ್ತಾಗದ ಹಾಗೆ ತಡೆಯೋಕೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತೆ. ಅದು ಬಿಟ್ಟುಹೋದರೆ 'ಪಾಡ್ಕಾಸ್ಟ್' ಆಗಿ ಫಲಿತಾಂಶ ಸೊನ್ನೆ. ಮೂರು ಸಲ ದೂರು ಕೊಟ್ಟೆ, ಮೂರು ಸಲವೂ 'ಪರಿಶೀಲಿಸುತ್ತೇವೆ' ಅಂತ ಅದೇ ಉತ್ತರ.

ಹಳೇ ಚಾಟ್ ಹೊರಗೆ ತೆಗೆದಿಟ್ಟುಕೊಳ್ಳೋಕೂ ದಾರಿಯಿಲ್ಲ. ಅದಕ್ಕೇ ಒಳ್ಳೆ ಕಛೇರಿಗಳ ತಾರೀಖು, ಯಾವ ರೆಕಾರ್ಡಿಂಗ್ ಕೇಳಬೇಕು ಅನ್ನೋದನ್ನ ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತಿದ್ದೀನಿ. ಈಗ ಎರಡನೇ ಪುಸ್ತಕ ನಡೀತಿದೆ.